ಸುರಗಿಯೊಳಗಿನ ನೀರೆ

ಮದುವೆಗೆ ಮುಂಚೆ ನಮ್ಮ ಕಡೆ ಸುರಗಿ ಸುತ್ತುತ್ತಾರೆ. ನಾಲ್ಕು ಮೂಲೆಗೆ ನೀರು ತುಂಬಿದ ತಂಬಿಗೆ ಇಟ್ಟು, ಅವುಗಳ ಕೊರಳಿಗೆ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಎಣ್ಣೆ, ಅರಿಸಿನ ಹಚ್ಚಿ ಎರೆಯುತ್ತಾರೆ. ಆಗ ಹಾಡಲು ಹಾನಗಲ್ಲಿನ ನಮ್ಮ ಓಣಿಯವರಿಗೆ ನನ್ನವ್ವನೇ ಆಗಬೇಕು. ಬಂಕಾಪುರದಿಂದಲೂ ಕರೆ ಬರುತ್ತಿತ್ತು. ಅವಳ ಹಾಡಿನಲ್ಲಿ ಮದುಮಗಳಿಗೆ ಹೆಸರಿಲ್ಲ. ಬಾರೆ ನೀರೆ, ಕೂಡೆ ನೀರೆ ಎಂದೇ ಕರೆಯುತ್ತಿದ್ದಳು. ಒಬ್ಬ ಹುಡುಗಿಗೆ ಆ ಹಾಡು ಜನ್ಮಕ್ಕೆ ಒಂದೇ ಸಲ. ಮರುದಿನ ಎಷ್ಟು ಗೋಗರೆದರೂ ಅವ್ವ ಬಾಯಿ ಬಿಡುತ್ತಿರಲಿಲ್ಲ.

ಕಾಲೇಜಿಗೆ ಹೋದ ಮೇಲೆ ನಿಘಂಟು ತೆಗೆದು ನೋಡಿದೆ. ನೀರೆ ಎಂದರೆ ಪ್ರಾಯದ ಹೆಣ್ಣು, ಚೆಲುವೆ. ಹಳೆಯ ಕಾವ್ಯಗಳಲ್ಲಿ ನೀರೆಯರು ಹೂ ಕೊಯ್ಯುತ್ತಾರೆ, ಕನ್ನಡಿ ನೋಡಿಕೊಳ್ಳುತ್ತಾರೆ, ವಿರಹದಲ್ಲಿ ಬೇಯುತ್ತಾರೆ. ಮುಸುರೆ ತಿಕ್ಕಿದವಳು ಒಬ್ಬಳೂ ಇಲ್ಲ! ಇರಲಿ, ನನಗೆ ಬೇಕಾದದ್ದು ಕಾವ್ಯದ ನೀರೆಯಲ್ಲ, ಅವ್ವನ ಬಾಯಿಯದು.

ಅದು ಸಿಗಲಿಲ್ಲ. ನಾನು ಮೆಚ್ಚಿದ ಹುಡುಗ ಬೇರೆ ಜಾತಿಯವನು. ಅಪ್ಪ ಒಪ್ಪಲಿಲ್ಲ, ಅವ್ವ ತುಟಿ ಬಿಚ್ಚಲಿಲ್ಲ. ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಶಿಗ್ಗಾವಿಗೆ ಬಂದುಬಿಟ್ಟೆ. ಆ ವರ್ಷವೇ ದುಂಡಸಿಯಲ್ಲಿ ದೊಡ್ಡಾಟ ನೋಡಲು ಹೋಗಿದ್ದೆವು. ರಾಜಕುಮಾರಿಯ ವೇಷ ಕಟ್ಟಿದ ರೈತನೊಬ್ಬನನ್ನು, ಆಟ ನಡೆಸುವ ಸಾರಥಿ ‘ಎಲೌ ನೀರೆ’ ಎಂದು ಮಾತಾಡಿಸಿದ. ಜನ ಬಿದ್ದು ಬಿದ್ದು ನಕ್ಕರು. ನನಗೆ ಹೊಟ್ಟೆ ಉರಿಯಿತು. ಮೀಸೆ ಬೋಳಿಸಿಕೊಂಡವನಿಗೂ ಸಿಕ್ಕ ಮಾತು ನನಗಿಲ್ಲವಲ್ಲ!

ಎರಡು ವರ್ಷಕ್ಕೆ ಸಿಟ್ಟು ಇಳಿದು ಅವ್ವ ಅಪ್ಪ ಬಂದು ಹೋಗುವುದು ಶುರುವಾಯಿತು. ಬಾಣಂತನವನ್ನೂ ಅವ್ವನೇ ಮಾಡಿದಳು. ಸುರಗಿಯ ಮಾತು ಮಾತ್ರ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೋದ ವರ್ಷ ಮಗಳ ಮದುವೆ. ಸುರಗಿಯಲ್ಲಿ ಮದುಮಗಳ ಪಕ್ಕ ತಾಯಿಯೂ ಕೂರಬೇಕು, ಕುಳಿತೆ. ಅವ್ವ ನೂಲಿನ ಹೊರಗೆ ನಿಂತು ಹಾಡಿದಳು. ದನಿ ನಡುಗುತ್ತಿದ್ದರೂ ಒಂದು ನುಡಿ ತಪ್ಪಲಿಲ್ಲ. ಒಂದೊಂದು ‘ನೀರೆ’ಯೂ ನನ್ನ ಭುಜ ದಾಟಿ ಮಗಳಿಗೆ ಹೋಗುತ್ತಿತ್ತು. ಐವತ್ತರ ಹೆಂಗಸು ನಾನು, ಕೂಸಿನ ಹಾಗೆ ಆಸೆಯಾಯಿತು. ತಡೆಯಲಾಗಲಿಲ್ಲ.

“ಅವ್ವಾ, ನನಗೂ ಒಂದ ಸರ್ತಿ ಹಾಡ.”

ಮೊಮ್ಮಕ್ಕಳನ್ನು ಎತ್ತುವ ವಯಸ್ಸಿಗೆ ಮತ್ತೆ ಮದುಮಗಳಾಗುತ್ತಾಳಂತೆ ಎಂದು ನೆರೆದ ಹೆಂಗಸರು ಕಾಡಿಸಿದರು. ಅವ್ವ ನಗಲಿಲ್ಲ. ಬಗ್ಗಿ ನನ್ನ ನೆತ್ತಿಗೆ ಎಣ್ಣೆ ತಟ್ಟಿದಳು.

“ನಿಂದು ಹಾಡಿ ಮುಗಿಸೇನಿ. ನೀ ಸಹಿ ಮಾಡಿದ ಸುದ್ದಿ ಬಂದ ದಿನಾನ ಹಿತ್ತಲದಾಗ ತಂಬಿಗಿ ಇಟ್ಟು, ನೂಲು ಸುತ್ತಿ, ಪೂರಾ ಹಾಡೇನಿ. ಒಳಗ ನೀ ಇರ್ಲಿಲ್ಲ, ಅಷ್ಟ.”

ಆ ದಿನ ನಾನು ಶಿಗ್ಗಾವಿಯ ಬಾಡಿಗೆ ಕೋಣೆಯಲ್ಲಿ ಮಂಡಕ್ಕಿ ತಿನ್ನುತ್ತ, ಗಂಡನೆದುರು ಅವ್ವನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ.