ಅಂಗಳದಲ್ಲಿ ಆರಿಸಿದ ಅಸೆಂಬ್ಲರ್

ನನ್ನ ಮೊಮ್ಮಗಳು ಪಾಸಾದಳು! ಮುಂಬಯಿಯ ಪರೀಕ್ಷೆ ಪಾಸಾದಳು! ಹೊನ್ನಾವರ ಪೇಟೆಯಲ್ಲಿ ನಾನು ತರಕಾರಿ ಮಾರುತ್ತ ಕೂತಿದ್ದೆ. ಅವಳೇ ಬಸ್ಸಿಳಿದು ಬಂದು, ನಾಲ್ಕು ಜನರ ಎದುರಿಗೆ ‘ಅಜ್ಜೀ, ಆತು!’ ಎಂದು ಕೂಗಿದಳು. ಅವಳ ಕೈ ಹಿಡಿದು ನಮ್ಮೂರು ಮಂಕಿಯ ಬಸ್ಸು ಹತ್ತಿದವಳೇ ನಾನು. ಸೌತೆಕಾಯಿ ಬುಟ್ಟಿ ನೆನಪಾದದ್ದು ಮನೆ ಮುಟ್ಟಿದ ಮೇಲೆ.

ಅವಳು ಮುಂಬಯಿಯಲ್ಲಿ ಸೋದರಮಾವನ ಮನೆಯಲ್ಲಿದ್ದು, ಒಂದು ಆಫೀಸಿನಲ್ಲಿ, ಲೆಕ್ಕದ ಯಂತ್ರ ಓದುವ ಕಾರ್ಡಿಗೆ ತೂತು ಹೊಡೆಯುತ್ತಿದ್ದಳು. ಅಲ್ಲಿಗೊಂದು ಕಂಪ್ಯೂಟರ್ ಬಂತು. ಅದಕ್ಕೆ ಹುಕುಂ ಬರೆಯುವ ಪರೀಕ್ಷೆ ಪಾಸಾದರೆ ಆ ಕೋಣೆಯೊಳಗೆ ಕೆಲಸ. ಇಲ್ಲವೋ, ಜನ್ಮವಿಡೀ ತೂತು. ಪರೀಕ್ಷೆಗೆ ಕೂರಲು ಬಿಡುವುದೂ ಒಂದೇ ಸಲವಂತೆ.

ಮೇ ತಿಂಗಳ ರಜೆಗೆ ಬಂದಾಗ ಅವಳ ಚೀಲದಲ್ಲಿ ಎರಡು ಪುಸ್ತಕ. ಒಂದು ತೆಳ್ಳಗೆ, ಒಂದು ದಪ್ಪ. ಎರಡು ಬೇರೆ ಬೇರೆ ಅಸೆಂಬ್ಲರಿನವು. ಎರಡನೆ ಇಯತ್ತೆಗೇ ಶಾಲೆ ಬಿಟ್ಟ ನನಗೆ ಅವಳು ತಿಳಿಸಿದ್ದು ಇಷ್ಟು: ಕಂಪ್ಯೂಟರಿಗೆ ಅಂಕೆ ಬಿಟ್ಟು ಬೇರೆ ಗೊತ್ತಿಲ್ಲ, ನಾವು ‘ಕೂಡು’, ‘ಇಡು’ ಎಂದು ಚಿಕ್ಕ ಶಬ್ದದಲ್ಲಿ ಬರೆದದ್ದನ್ನು ಅಂಕೆ ಮಾಡಿ ಕೊಡುವುದು ಅಸೆಂಬ್ಲರ್. ಪರೀಕ್ಷೆಗೆ ಯಾವುದಾದರೂ ನಡೆಯುತ್ತದೆ, ಆದರೆ ಎರಡನ್ನೂ ಕಲಿಯಲು ಪುರಸೊತ್ತಿಲ್ಲ.

‘ದಪ್ಪದ್ದೇ ಕಲಿ. ಅಷ್ಟು ದೂರ ಹೊತ್ತು ತಂದಿದ್ದೀಯಲ್ಲ’ ಅಂದರು ನಮ್ಮನೆಯವರು.

ಮಂಕಿಯಲ್ಲಿ ಕಂಪ್ಯೂಟರ್ ಎಲ್ಲಿಂದ ತರುವುದು? ಅಂಗಳದಲ್ಲಿ ಕರಟಗಳನ್ನು ಸಾಲಾಗಿ ಇಟ್ಟು, ಒಳಗೆ ಗೇರುಬೀಜ ಹಾಕಿದಳು. ‘ಅಜ್ಜೀ, ನೀನೇ ಯಂತ್ರ. ನಾ ಓದಿದಷ್ಟೇ ಮಾಡು.’

ದಪ್ಪ ಪುಸ್ತಕದ್ದೊಂದು ಶಬ್ದ ಓದಿದಳು. ಆ ಒಂದರ ಹೊಟ್ಟೆಯಲ್ಲಿ ಹತ್ತಾರು ಕೆಲಸ! ನಾನು ಬೀಜ ಹಿಡಿದು ಕಣ್ಣು ಬಿಟ್ಟೆ. ತೆಳ್ಳಗಿನದರಲ್ಲಿ ಶಬ್ದಕ್ಕೆ ಒಂದೇ ಕೆಲಸ. ಇದರಿಂದ ತೆಗೆ, ಅದಕ್ಕೆ ಹಾಕು, ಖಾಲಿಯಾಯಿತಾ ನೋಡು. ಸಲೀಸು.

ಆದರೂ ಐದಕ್ಕೆ ನಾಲ್ಕು ಕೂಡಿದರೆ ಕರಟದಲ್ಲಿ ಹತ್ತು! ತನ್ನದೇ ತಪ್ಪೆಂದು ಮೂರು ದಿನ ಬರೆದಳು, ಹರಿದಳು. ‘ನನ್ನ ಹಣೆಯಲ್ಲಿ ತೂತೇ ಬರೆದದ್ದು’ ಎಂದು ಕಣ್ಣೀರು ಹಾಕಿದಳು. ನಾಲ್ಕನೆಯ ದಿನ ನನ್ನ ಕೈ ಗಪ್ಪನೆ ಹಿಡಿದಳು.

‘ಅಜ್ಜೀ! ಕಡೆಗೊಂದು ಹಾಕಿದ್ಯಲ್ಲ, ಅದೆಂತ?’

‘ಕೊಸರು, ಮಗಾ. ಎಣಿಸಿ ಕೊಟ್ಟಮೇಲೆ ಕೊಸರು ಹಾಕದೇ ಹೇಗೆ?’

‘ಅಯ್ಯೋ, ಯಂತ್ರ ಕೊಸರು ಹಾಕ್ತದಾ!’

‘ಥೂ, ಎಂಥಾ ಜಿಪುಣ ಯಂತ್ರ!’

ಅವಳು ಅಂಗಳದಲ್ಲೇ ಬಿದ್ದು ಬಿದ್ದು ನಕ್ಕಳು. ಆಮೇಲೆ ದಪ್ಪ ಪುಸ್ತಕ ಚೀಲಕ್ಕೆ ತುರುಕಿದಳು. ‘ತೆಳ್ಳಗಿನದೇ ಆತು. ಒಂದೊಂದೇ ಹೆಜ್ಜೆ ಕಂಡದ್ದಕ್ಕೆ ನಿನ್ನ ಕೊಸರು ಸಿಕ್ಕಿತು. ದಪ್ಪದ್ದರಲ್ಲಿ ಹುಡುಕ್ತಾ ಕೂತಿದ್ರೆ ರಜೆಯೇ ಮುಗೀತಿತ್ತು.’

ಅವಳು ಹೊರಡುವವರೆಗೂ ನಾನು ಯಂತ್ರ. ಕೈ ತುರಿಸುತ್ತಿತ್ತು, ಒಂದೇ ಒಂದು ಬೀಜ ಹೆಚ್ಚು ಹಾಕಲಿಲ್ಲ.

ಪಾಸಾಗಿ ಬಂದ ಆ ದಿನ ಸಂಜೆ, ಪೇಟೆಯ ಗೆಳತಿ ಬುಟ್ಟಿಯನ್ನು ಬಸ್ಸಿಗೆ ಹಾಕಿ ಕಳಿಸಿದಳು. ಅದೇ ಸೌತೆಕಾಯಿಯ ಹುಳಿ, ಜೊತೆಗೆ ಪಾಯಸ. ಎಲ್ಲರೂ ಒಂದೇ ಸಾಲಿನಲ್ಲಿ ಕೂತರು.

‘ಪಾಯಸ ಎರಡೇ ಸೌಟು ಅಂದೆ, ಅಜ್ಜೀ!’

‘ನಾನೀಗ ಯಂತ್ರ ಅಲ್ಲ’ ಎಂದು ಮೂರನೆಯದನ್ನೂ ಸುರಿದೆ. ನಮ್ಮನೆಯವರು ತಮ್ಮ ಎಲೆಯನ್ನು ಮುಂದೆ ಸರಿಸಿದರು. ಅವರಿಗೂ ಹಾಕಿ, ಬಡಿಸುವವಳು ಕಡೆಗೆ ಉಣ್ಣಬೇಕೆಂಬುದನ್ನೂ ಮರೆತು, ನನ್ನ ಎಲೆ ಹಾಸಿಕೊಂಡು ಅವಳ ಪಕ್ಕದಲ್ಲೇ ಕೂತೆ.