ಬಾಗಿಲು ಕಳಚುವ ತಾಯಪ್ಪ

ಪುಣೆಯ ಪೇಟೆಗಳಲ್ಲಿ ವಠಾರದಂಥ ಹಳೆಯ ವಾಡೆಗಳನ್ನು ಕೆಡವಿ ಫ್ಲ್ಯಾಟು ಕಟ್ಟುವ ಹುಚ್ಚು ಹಿಡಿದಿದ್ದ ಎಂಬತ್ತರ ಇಸವಿಯ ಆಸುಪಾಸಿನಲ್ಲಿ, ಕದ ಕಳಚುವುದರಲ್ಲಿ ತಾಯಪ್ಪನದು ಎತ್ತಿದ ಕೈ. ಶಹಾಪುರದ ಕಡೆಯಿಂದ ದುಡಿಯಲು ಬಂದವನು. ವಾಡೆಯ ಕದಗಳಿಗೆ ಕಬ್ಬಿಣದ ಬಿಜಾಗರಿ ಇರುತ್ತಿರಲಿಲ್ಲ. ಕದದ ಮೂಲೆಯ ಗೂಟ ಕಲ್ಲಿನ ಕುಳಿಯಲ್ಲಿ ನಿಂತು ತಿರುಗುತ್ತಿತ್ತು. ಹಾರೆ ಹಾಕಿ ತುಸು ಎತ್ತಿದರೆ ಕದ ಕೈಗೆ ಬರುತ್ತಿತ್ತು. ಬಾಡಿಗೆದಾರರು ಒಳಗಿರುವಾಗಲೇ ಹೀಗೆ ಮಾಡಿಸುವುದು ಮಾಲಕರ ಉಪಾಯ, ಹೆಸರಿಗೆ ರಿಪೇರಿ. ಬಾಗಿಲಿಲ್ಲದ ಮನೆಯಲ್ಲಿ ಮರ್ಯಾದಸ್ಥರು ಎಷ್ಟು ದಿನ ಇದ್ದಾರು? ತಾಯಪ್ಪನಿಗೆ ಇದೆಲ್ಲ ಗೊತ್ತಿತ್ತು. ಹೊಟ್ಟೆಪಾಡು ಎಂದು ಸಮಾಧಾನ ಹೇಳಿಕೊಳ್ಳುವ ಗೋಜಿಗೂ ಅವನು ಹೋಗುತ್ತಿರಲಿಲ್ಲ.

ಅಪ್ಪಾಸಾಹೇಬರ ವಾಡೆಯಲ್ಲಿ ಕೊನೆಗೆ ಉಳಿದವರು ಇಂದೂ ಟೀಚರು. ಧಾರವಾಡದವರು, ಒಂಟಿ ಜೀವ, ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಕೋಣೆ ಬಿಟ್ಟು ಹೊರಬಿದ್ದರೆ ಹೊಸ ಕಟ್ಟಡದಲ್ಲಿ ಸಿಗಬೇಕಾದ ಮನೆಯ ಹಕ್ಕೂ ಹೋದಂತೆ. ಅವರ ಕದ ಕಳಚುವಾಗ ಹಾರೆ ಜಾರಿ ತಾಯಪ್ಪನ ಬಾಯಿಂದ ಬಂದ ಕನ್ನಡದ ಬೈಗುಳ ಕೇಳಿ ಅವರು ಊರು ವಿಚಾರಿಸಿದರು, ಚಹಾ ಕೊಟ್ಟರು. ಅಂಗಲಾಚಲಿಲ್ಲ. ಕಲಿಸುವ ಚಾಳಿ ಬಿಟ್ಟೀತೇ? ಕದದ ಗೂಟ ನೋಡುತ್ತ ಪಾಠವನ್ನೇ ಶುರುಮಾಡಿದರು. ಇದಕ್ಕೆ ಲ್ಯಾಟಿನ್ನಿನಲ್ಲಿ ಕಾರ್ಡೋ ಅನ್ನುತ್ತಾರಂತೆ, ಕಾರ್ಡಿನಲ್ ಎಂಬ ಇಂಗ್ಲಿಷ್ ಶಬ್ದ ಹುಟ್ಟಿದ್ದು ಅದರಿಂದಲೇ ಅಂತೆ. ನಾಲ್ಕು ದಿಕ್ಕುಗಳಿಗೂ ಅದೇ ಶಬ್ದ, ಒಂದು ಎರಡು ಎಂಬ ಎಣಿಕೆಗೂ ಅದೇ, ಪೋಪನನ್ನು ಆರಿಸುವ ಪಾದ್ರಿಗಳಿಗೂ ಅದೇ. ಆ ಪಾದ್ರಿಗಳ ನಿಲುವಂಗಿಯಂತೆ ಕೆಂಪಗಿದೆ ಎಂದು ಒಂದು ಹಕ್ಕಿಗೂ ಅದನ್ನೇ ಇಟ್ಟರಂತೆ.

"ಯಾವುದರ ಮ್ಯಾಲೆ ಉಳಿದದ್ದೆಲ್ಲಾ ತಿರಗ್ತದೋ, ಅದಕ್ಕ ಆ ಹೆಸರು," ಎಂದರು.

ಗೂಟಕ್ಕೂ ಹಕ್ಕಿಗೂ ಏನು ನಂಟೋ ದೇವರೇ ಬಲ್ಲ ಎಂದುಕೊಂಡು ತಾಯಪ್ಪ ಹೂಂಗುಟ್ಟಿದ. ಉಂಡ ಮನೆಯ ಜಂತೆ ಎಣಿಸುವವರನ್ನು ಕೇಳಿದ್ದೇವೆ; ಇವನು ಚಹಾ ಕುಡಿದ ಮನೆಯ ಕದವನ್ನೇ ಹೊತ್ತುಕೊಂಡು ಹೋದ.

ಸಂಜೆ ತಗಡಿನ ಶೆಡ್ಡಿನಲ್ಲಿ ಹೆಂಡತಿ ಯಮನವ್ವನಿಗೆ ಇದನ್ನೆಲ್ಲ ತಮಾಷೆಯಾಗಿ ಹೇಳಿದ. ಅವಳು ನಗಲಿಲ್ಲ. ಆ ಟೀಚರ ಜೊತೆ ಯಾರಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲವೆಂದ.

"ಬಾಗ್ಲಾ ಇಲ್ದ ಬಾಳೇವು ಮಾಡಾಕ ಬರಂಗಿಲ್ಲಂದ್ರ, ಇಷ್ಟು ವರ್ಷ ನಾವೇನು ಮಾಡೀವಿ?" ಎಂದವಳೇ ಶೆಡ್ಡಿನ ಬಾಯಿಗೆ ಕಟ್ಟಿದ್ದ ಗೋಣಿತಟ್ಟನ್ನು ಬಿಚ್ಚಿಕೊಂಡು ಹೊರಟಳು. ಅದನ್ನು ಟೀಚರ ಬಾಗಿಲಿಗೆ ಕಟ್ಟಿ, ಹೊಸ್ತಿಲ ಮುಂದೆ ಕೌದಿ ಹಾಸಿ ಅಲ್ಲೇ ಠಿಕಾಣಿ ಹೂಡಿದಳು. ಬೇಡವೆಂದ ಟೀಚರ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ.

ವಾರ ಕಳೆದರೂ ಮನೆ ಖಾಲಿಯಾಗಲಿಲ್ಲ. ಅಪ್ಪಾಸಾಹೇಬರು ತಾಯಪ್ಪನನ್ನು ಕರೆತಂದು, ಅಡ್ಡ ಕೂತ ಹೆಂಗಸನ್ನು ಎಬ್ಬಿಸೆಂದು ಕೂಗಾಡಿದರು. ಅವಳು ಯಾರೆಂಬುದು ಅವರಿಗೆ ಗೊತ್ತಿರಲಿಲ್ಲ. ಯಮನವ್ವ ತಲೆ ಎತ್ತದೆ ಜೋಳ ಹಸನು ಮಾಡುತ್ತಿದ್ದಳು. ತಾಯಪ್ಪನಿಗೆ ಮೊದಲ ಸಲ ನಾಚಿಕೆಯಾಯಿತು. ಕದವಾದರೆ ಎತ್ತಿಕೊಡುತ್ತೇನೆ, ಇವಳನ್ನು ಎತ್ತುವುದು ನನ್ನಿಂದಾಗದು, ಇವಳು ನನ್ನ ಹೆಂಡತಿ ಎಂದು ಮುರುಕು ಮರಾಠಿಯಲ್ಲಿ ಹೇಳಿದ. ಕೆಲಸ ಅಲ್ಲಿಗೆ ಹೋಯಿತು.

ಅವನು ಹೋಗಿ ಹೆಂಡತಿಯ ಪಕ್ಕದಲ್ಲಿ ಕೂತ. ಇಂದೂ ಟೀಚರು ಒಳಗಿನಿಂದ ಒಂದು ಚಾಪೆ ತಂದು ಹಾಸಿದರು.