ಬೆಲ್ಲ ಬಳಿದ ಹಂದಿತೊಡೆ

ನಮ್ಮ ಮಾವನಷ್ಟು ಚೆನ್ನಾಗಿ ಹಂದಿತೊಡೆ ಬೇಯಿಸುವವರು ಆಗ ದೇವನಹಳ್ಳಿ ಸುತ್ತಮುತ್ತ ಯಾರೂ ಇರಲಿಲ್ಲ. ಹಾಗೆಂದು ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಹಾಗೂ ಇರಲಿಲ್ಲ. ನಮ್ಮದು ಒಕ್ಕಲು ಮನೆತನ. ಹೊಲವನ್ನು ತಮ್ಮನಿಗೆ ಬಿಟ್ಟು ಬಿಳಿ ದೊರೆಗಳ ಅಡುಗೆಮನೆ ಸೇರಿದವರೆಂದು ನೆಂಟರು ಅವರನ್ನು ಹೋದಲ್ಲಿ ಬಂದಲ್ಲಿ ಕೆಣಕುತ್ತಿದ್ದರು. ‘ಏನಪ್ಪಾ ಬಟ್ಲರ್ರೇ, ನಮ್ಮ ಮುದ್ದೆ ನಿಮ್ಗೆ ಗಂಟಲಲ್ಲಿ ಇಳೀತದಾ?’ ಅನ್ನುವರು. ಮಾವ ನಕ್ಕು ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಣ್ಣುವರು. ಉರಿಯುತ್ತಿದ್ದುದು ನನಗೆ. ಮೊದಲಿನಿಂದಲೂ ನನಗೆ ಮೂಗಿನ ತುದಿಯಲ್ಲೇ ಕೋಪ.

ಬಂಗಲೆ ಇದ್ದದ್ದು ನಲ್ಲೂರಿಗೆ ಹೋಗುವ ದಾರಿಯಲ್ಲಿ, ಚಕ್ಕೋತದ ತೋಟದ ನಡುವೆ. ದೊಡ್ಡ ದೊರೆ ತೀರಿಕೊಂಡು ಬಹಳ ವರ್ಷವಾಗಿತ್ತು. ಉಳಿದವರು ದೊರೆಸಾನಿ ಮತ್ತು ಅವರ ಒಬ್ಬನೇ ಮಗ. ಆ ಚಿಕ್ಕ ದೊರೆಯೂ ಮಾವನ ಮಗನಾದ ನನ್ನ ಗಂಡನೂ ಓರಗೆಯವರು, ಒಟ್ಟಿಗೇ ಬೆಳೆದವರು. ದೊರೆಗಳ ಹಬ್ಬ ಕ್ರಿಸ್‌ಮಸ್ಸಿಗೆ ಮಾವ ಹಂದಿತೊಡೆ ಮಾಡಿದರೆ ಇಬ್ಬರಿಗೂ ಅದರ ಮೇಲೆ ಪ್ರಾಣ. ನಮ್ಮ ಅತ್ತೆ ಹಂದಿಯ ಬಾಡನ್ನು ಹೊಸ್ತಿಲೊಳಗೆ ತರಗೊಡುತ್ತಿರಲಿಲ್ಲ. ಅದಕ್ಕೆ ಮಾವ ಮೂಳೆಯ ಕಡೆಯ ತುಂಡನ್ನು ಎಲೆಯಲ್ಲಿ ಸುತ್ತಿ ಕೊಡುವರಂತೆ, ಇವರಿಬ್ಬರೂ ಬಾವಿಕಟ್ಟೆಯ ಮೇಲೆ ಕೂತು ಕಿತ್ತಾಡಿಕೊಂಡು ತಿನ್ನುವರಂತೆ. ಇದನ್ನೆಲ್ಲ ನಮ್ಮ ಮನೆಯವರು ಮದುವೆಯಾದ ಹೊಸದರಲ್ಲಿ ನನಗೆ ಹೇಳಿದ್ದರು.

ಯುದ್ಧ ಬಂತು. ಚಿಕ್ಕ ದೊರೆ ದಂಡಿಗೆ ಸೇರಿದ. ದೊರೆಗಳ ಕಾರು ಓಡಿಸುತ್ತಾ ಕಲಿತಿದ್ದ ನಮ್ಮ ಮನೆಯವರು ಡ್ರೈವರಾಗಿ ಅವನ ಹಿಂದೆಯೇ ಹೊರಟರು. ನಾನು ಅತ್ತು ಕರೆದು ರಂಪ ಮಾಡಿದೆ. ‘ಅವ್ನಿಗೆ ಗಾಡಿ ಓಡ್ಸಾಕೆ ಬರಾಕಿಲ್ಲ ಕಣೇ, ಎಲ್ಲಾದ್ರೂ ಹಳ್ಳಕ್ಕೆ ಇಳಿಸ್ತಾನೆ. ಬಂದ್ಬಿಡ್ತೀನಿ ಇರು’ ಅಂದರು. ಹಡಗಿನಲ್ಲಿ ಮಲಯಕ್ಕೆ ಹೋದರು ಅನ್ನುವವರೆಗೆ ನಮಗೆ ಗೊತ್ತು. ಸಿಂಗಪೂರ ಜಪಾನಿನವರ ಕೈಗೆ ಬಿದ್ದ ಮೇಲೆ ಇಬ್ಬರದೂ ಸುದ್ದಿಯಿಲ್ಲ. ಅತ್ತೆ ಆ ಕೊರಗಿನಲ್ಲೇ ಹೋದರು. ಮನೆಯಲ್ಲಿ ಒಬ್ಬಳೇ ಕೂತು ಗೋಡೆ ನೋಡುವುದು ನನ್ನಿಂದಾಗಲಿಲ್ಲ. ಮಾವನ ಜೊತೆ ಬಂಗಲೆಗೆ ಹೋಗಿ ಮಸಾಲೆ ಅರೆಯುವ, ತಟ್ಟೆ ತೊಳೆಯುವ ಕೆಲಸಕ್ಕೆ ನಿಂತೆ.

ಹಂದಿತೊಡೆ ಬೆಂಗಳೂರಿನ ದಂಡು ಪ್ರದೇಶದ ಅಂಗಡಿಯಿಂದ ಬರುತ್ತಿತ್ತು. ಉಪ್ಪು ಹಾಕಿ, ಹೊಗೆ ಕೊಟ್ಟು, ಬಟ್ಟೆ ಸುತ್ತಿದ್ದು. ಕುಟ್ಟಿದರೆ ಕೊರಡಿನ ಹಾಗೆ ಸದ್ದಾಗುತ್ತಿತ್ತು. ಅದನ್ನು ಹಿಂದಿನ ದಿನವೇ ಹಂಡೆಯ ನೀರಿನಲ್ಲಿ ಮುಳುಗಿಸಿ, ನೀರು ಬದಲಿಸುತ್ತಾ ಉಪ್ಪು ಬಿಡಿಸಬೇಕು. ಬೆಳಿಗ್ಗೆ ಮೆಣಸು, ಈರುಳ್ಳಿ, ಚಕ್ಕೋತದ ಸಿಪ್ಪೆ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಕೊತಕೊತ ಕುದಿಸಿದರೆ ಮಾವನಿಗೆ ಸಿಟ್ಟು ಬರುತ್ತಿತ್ತು. ಅವರಿಗೆ ಸಿಟ್ಟು ಬರುತ್ತಿದ್ದುದು ಅದೊಂದಕ್ಕೇ. ಬೆಂದ ಮೇಲೆ ಬಿಸಿಬಿಸಿಯಾಗಿರುವಾಗಲೇ ಚರ್ಮ ಸುಲಿಯುವರು. ಕೆಳಗಿನ ಬಿಳಿ ಕೊಬ್ಬಿನ ಮೇಲೆ ಚಾಕುವಿನಿಂದ ಬರ್ಫಿ ಕೊಯ್ಯುವ ಹಾಗೆ ಓರೆ ಗೆರೆ ಎಳೆದು, ಗೆರೆಗಳು ಕೂಡುವಲ್ಲೆಲ್ಲ ಒಂದೊಂದು ಲವಂಗ ಚುಚ್ಚುವರು. ಆ ಕೆಲಸ ನನಗೆ ಬಿಡುತ್ತಿದ್ದರು. ಕೊಬ್ಬು ಕೈಗೆ ಮೆತ್ತಿಕೊಂಡು ವಾಕರಿಕೆ ಬಂದರೂ ನಾನು ಬಿಡುತ್ತಿರಲಿಲ್ಲ.

ಮೊದಲೆಲ್ಲ ಅದಕ್ಕೆ ಸಕ್ಕರೆಯ ಪಾಕ ಬಳಿಯುತ್ತಿದ್ದರಂತೆ. ಯುದ್ಧದಲ್ಲಿ ಸಕ್ಕರೆ ರೇಷನ್ ಆಯಿತು. ಮಾವ ಬೆಲ್ಲವನ್ನು ಚಕ್ಕೋತದ ರಸದಲ್ಲಿ ಕರಗಿಸಿ, ಅರೆದ ಸಾಸಿವೆ ಸೇರಿಸಿ, ಕೋಳಿಪುಕ್ಕದಿಂದ ಬಳಿದರು. ಬಳಿದು ಇಟ್ಟಿಗೆಯ ಗೂಡೊಲೆಯೊಳಗೆ ಇಡುವುದು, ತೆಗೆದು ಮತ್ತೆ ಬಳಿಯುವುದು, ಮತ್ತೆ ಇಡುವುದು. ಕೊನೆಗೆ ಮೈಯೆಲ್ಲ ಕೆಂಪಗೆ ಹೊಳೆಯುತ್ತಾ, ಅಂಚಿನಲ್ಲಿ ಬೆಲ್ಲ ಕಪ್ಪಗೆ ಕಟ್ಟಿ ಬರುತ್ತಿತ್ತು. ಅದನ್ನು ಒಮ್ಮೆ ತಿಂದ ದೊರೆಸಾನಿ ಇನ್ನು ಮೇಲೆ ಸಕ್ಕರೆ ಬೇಡವೇ ಬೇಡ ಎಂದುಬಿಟ್ಟರು.

ಮಗ ಹೋದ ಮೇಲೆ ದೊರೆಸಾನಿ ಹಬ್ಬಕ್ಕೆ ಯಾರನ್ನೂ ಕರೆಯಲಿಲ್ಲ. ಆದರೆ ಹಂದಿತೊಡೆ ಇಡೀದೇ ಬರಬೇಕು, ಮೇಜಿನ ಮೇಲೆ ಎರಡು ತಟ್ಟೆ ಇರಬೇಕು. ಎರಡನೆಯದು ಮಗನ ಜಾಗದಲ್ಲಿ. ಕೊಯ್ದ ಮೊದಲ ಹೋಳನ್ನು ತಮ್ಮ ಕೈಯಾರೆ ಆ ತಟ್ಟೆಗೆ ಹಾಕಿ, ಆಮೇಲೆ ತಾವು ತಿನ್ನುವರು. ತಿನ್ನುವಾಗ ಕಿಟಕಿಯಿಂದ ಗೇಟಿನ ಕಡೆ ನೋಡುವರು. ನಾನು ಆ ಕಣ್ಣನ್ನು ನೋಡಿದ್ದೆ. ಬಂದವನಿಗೆ ಊಟಕ್ಕೆ ತಟ್ಟೆ ಬೇಕಲ್ಲ, ಇನ್ನೇನು? ಬಾಯಿಬಿಟ್ಟು ನಾವಿಬ್ಬರೂ ಆ ವಿಷಯ ಆಡಿದವರಲ್ಲ. ಆದರೂ ಅವರು ಇನ್ನಿಲ್ಲವೆನ್ನುವ ಊರೆಲ್ಲ ಒಂದು ಕಡೆ, ಬಂದೇ ಬರುತ್ತಾರೆನ್ನುವ ನಾನೂ ದೊರೆಸಾನಿಯೂ ಒಂದು ಕಡೆ ಎಂದು ನನಗೆ ಅನ್ನಿಸುತ್ತಿತ್ತು. ಮಾವನಿಗೆ ಆ ತಟ್ಟೆ ಬೇರೆಯಾಗಿ ಕಂಡಿರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಯುದ್ಧ ಮುಗಿಯಿತು. ಸೆರೆ ಸಿಕ್ಕಿದ್ದವರನ್ನು ಬಿಟ್ಟರು. ದೀಪಾವಳಿ ಕಳೆದ ಮೇಲೆ ಜಡಿಗೇನಹಳ್ಳಿಗೆ ಒಬ್ಬ ಸಿಪಾಯಿ ವಾಪಸ್ಸು ಬಂದನೆಂದು ಸುದ್ದಿ ಬಂತು. ನಮ್ಮವರ ಜೊತೆಗೇ ಮಲಯಕ್ಕೆ ಹೋದವನು. ನಾನೂ ಬರ್ತೀನಿ ಎಂದು ಹಟ ಹಿಡಿದೆ. ಮಾವ ಒಪ್ಪದೆ ಒಬ್ಬರೇ ಹೋದರು. ಸಂಜೆ ಬಂದು ಕಾಲು ತೊಳೆದು ಜಗುಲಿಯ ಮೇಲೆ ಕೂತರು. ‘ಏನಂದ ಮಾವ?’ ಎಂದೆ. ‘ಅವ್ನಿಗೆ ಏನೂ ಗೊತ್ತಿಲ್ವಂತೆ ಕಣವ್ವ’ ಅಂದರು. ಗೊತ್ತಿಲ್ಲ ಅಂದರೆ ಒಳ್ಳೆಯದೇ ಎಂದು ನಾನು ಸಮಾಧಾನಪಟ್ಟೆ. ಅವರು ಅವತ್ತು ಊಟ ಮಾಡಲಿಲ್ಲ. ನಡೆದು ದಣಿದಿದ್ದಾರೆ ಅಂದುಕೊಂಡೆ.

ಕ್ರಿಸ್‌ಮಸ್ ದಿನ ದೊರೆಸಾನಿ ಬೆಳಿಗ್ಗೆ ಕಾರಿನಲ್ಲಿ ಬೆಂಗಳೂರಿನ ಚರ್ಚಿಗೆ ಹೋದರು. ಊಟದ ಹೊತ್ತಿಗೆ ಬರುವವರು. ಆ ಸಲ ಮಾವ ಲವಂಗ ಚುಚ್ಚುವುದಕ್ಕೂ ನನ್ನನ್ನು ಕರೆಯಲಿಲ್ಲ. ಎಲ್ಲ ತಾವೇ ಮಾಡಿದರು. ಹಂದಿತೊಡೆ ಒಲೆಯಿಂದ ಹೊರಗೆ ಬಂದ ಮೇಲೆ, ಹೋಗಿ ತೋಟದಲ್ಲಿ ಒಂದಷ್ಟು ಹೂ ಬಿಡಿಸಿಕೊಂಡು ಬಾ, ನಿಧಾನಕ್ಕೆ ಬಾ ಎಂದು ಕಳಿಸಿದರು. ನಿಧಾನ ನನಗೆ ಎಲ್ಲಿಂದ ಬರಬೇಕು? ಬೇಗನೇ ತಿರುಗಿ ಬಂದೆ. ಊಟದ ಕೋಣೆಯ ಬಾಗಿಲು ಮುಚ್ಚಿತ್ತು. ಮಾವ ಬಾಗಿಲ ಹೊರಗೆ ನೆಲದ ಮೇಲೆ, ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಬಾಗಿಲ ಸಂದಿಯಿಂದ ಸುಟ್ಟ ಬೆಲ್ಲದ ವಾಸನೆಯ ಜೊತೆಗೆ ಸಾಂಬ್ರಾಣಿಯ ವಾಸನೆಯೂ ಬರುತ್ತಿತ್ತು.

ಪಿತೃಪಕ್ಷದಲ್ಲಿ ನಮ್ಮ ಕಡೆ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದನ್ನೇ ಮಾಡಿ ಎಲೆಗೆ ಬಡಿಸುವುದು. ಬಾಡಾದರೆ ಬಾಡು, ಹೆಂಡವಾದರೆ ಹೆಂಡ. ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುವುದು. ಸತ್ತವರು ಬಂದು ಉಂಡು ಹೋಗಲಿ ಎಂದು. ಆಮೇಲೆ ಬಾಗಿಲು ತೆಗೆದು ಮನೆಯವರು ಅದನ್ನು ಉಣ್ಣಬೇಕು. ಆ ವರ್ಷ ಅತ್ತೆಗೆ ಹಾಗೆ ಎಡೆ ಇಟ್ಟಾಗ ಮಾವ ನನ್ನ ಪಕ್ಕದಲ್ಲೇ ಹೀಗೆಯೇ ಬಾಗಿಲ ಹೊರಗೆ ಕೂತಿದ್ದರು.

‘ಒಳಗೆ ಯಾರಿಗಿಟ್ಟಿದೀರಿ ಮಾವ?’ ಎಂದೆ.

‘ಸ್ವಲ್ಪ ಹೊತ್ತು ಸುಮ್ಕಿರವ್ವ’ ಅಂದರು. ಅಷ್ಟರಲ್ಲಿ ಕಾರು ಬಂತು.

ದೊರೆಸಾನಿ ಟೋಪಿ ತೆಗೆಯುತ್ತಾ ಬಂದವರು ನೇರವಾಗಿ ಬಾಗಿಲಿಗೆ ಕೈ ಹಾಕಿದರು. ‘ಅಮ್ಮಾವ್ರೇ, ಒಂದು ಗಳಿಗೆ’ ಎಂದು ಮಾವ ಏಳುವುದರೊಳಗೆ ತೆಗೆದೂ ಬಿಟ್ಟರು. ಮಗನ ತಟ್ಟೆಯಲ್ಲಿ ಹಂದಿತೊಡೆಯ ಹೋಳುಗಳು ರಾಶಿ ಬಿದ್ದಿದ್ದವು. ಪಕ್ಕದಲ್ಲಿ ಒಂದು ಲೋಟ ವಿಸ್ಕಿ, ಒಂದು ಸಿಗರೇಟು. ಕುರ್ಚಿಯ ಬುಡದಲ್ಲಿ ಸಾಂಬ್ರಾಣಿ ಹೊಗೆಯಾಡುತ್ತಿತ್ತು. ಅದರ ಆಚೆ, ನೆಲದ ಮೇಲೆ, ಒಂದು ಬಾಳೆಲೆ ಹಾಸಿತ್ತು.

‘ಏನು ಇದು?’ ಅಂದರು ದೊರೆಸಾನಿ. ಅವರ ಕನ್ನಡ ಆಳುಗಳಿಂದ ಕಲಿತದ್ದು, ಅಷ್ಟರಲ್ಲೇ ಎಲ್ಲ ನಡೆಸುತ್ತಿದ್ದರು.

‘ಎಡೆ ಇಟ್ಟಿದೀನಿ ಅಮ್ಮಾವ್ರೇ. ನೀವು ವರ್ಷಾ ವರ್ಷಾ ಇಕ್ತಿದ್ರಲ್ಲ. ಈ ಸಲ ನಾನೇ ಕ್ರಮವಾಗಿ ಇಡುವಾ ಅಂತ...’

ಆ ಮಾತು ಅವರಿಗೆ ಗೊತ್ತಿರಲಿಲ್ಲ. ನನ್ನ ಕಡೆ ತಿರುಗಿ ‘ಎಡೆ ಅಂದರೆ ಏನು? ನೀನು ಹೇಳು’ ಅಂದರು.

ಸುಳ್ಳು ಹೇಳಲು ಆಗಲಿಲ್ಲ. ‘ತೀರ್ಕೊಂಡೋರಿಗೆ ಬಡಿಸೋದು ಅಮ್ಮಾವ್ರೇ’ ಎಂದೆ.

‘ನನ್ನ ಮಗ ಬರುತ್ತಾನೆ’ ಅಂದರು ದೊರೆಸಾನಿ. ‘ಬಂದರೆ ತಿನ್ನಬೇಕು, ಅದಕ್ಕೆ ತಟ್ಟೆ.’

ಮಾವ ಅವರನ್ನೇ ನೋಡಿದರು. ‘ಸರ್ಕಾರದೋರು ನಿಮ್ಗೆ ಹೇಳಿಲ್ವಾ ಅಮ್ಮಾವ್ರೇ? ನಿಮ್ಗೆ ಗೊತ್ತೈತೆ, ಅದ್ಕೇ ಇಕ್ತಾವ್ರೆ ಅಂದ್ಕೊಂಡಿದ್ನಲ್ಲ’ ಎಂದವರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

ನಾನು ನೆಲದ ಮೇಲಿನ ಎಲೆಯನ್ನು ನೋಡಿದೆ. ಒಂದು ಮುದ್ದೆ, ಮೂಳೆಯ ಕಡೆಯ ಒಂದು ತುಂಡು, ಒಂದು ಕಟ್ಟು ಬೀಡಿ, ಮಡಿಕೆ ಬಿಚ್ಚದ ಹೊಸ ಪಂಚೆ. ಅದು ಯಾರ ಎಲೆಯೆಂದು ಕೇಳಬೇಕಾಗಿರಲಿಲ್ಲ. ‘ಜಡಿಗೇನಹಳ್ಳಿಯೋನು ಏನಂದ ಮಾವ? ಈಗ ಹೇಳಿ’ ಎಂದು ಕಿರುಚಿದೆ. ಮಾವನೆದುರು ಹಾಗೆ ಬಾಯಿ ಮಾಡಿದ್ದು ಅದೇ ಮೊದಲು.

ಅವರು ಹೊಸ್ತಿಲ ಮೇಲೆ ಕುಸಿದು ಕೂತರು. ‘ಸಿಂಗಪೂರ ಬೀಳಾಕೆ ಮುಂಚೇನೇ ಕಣವ್ವ. ಲಾರಿ ಮೇಲೆ ಬಾಂಬು ಬಿತ್ತಂತೆ. ಇವ್ನು ಓಡಿಸ್ತಿದ್ನಂತೆ, ಚಿಕ್ಕ ದೊರೆ ಪಕ್ಕದಲ್ಲೇ ಕೂತಿದ್ರಂತೆ. ಆ ಸಿಪಾಯಿ ಕಣ್ಣಾರೆ ನೋಡವ್ನೆ’ ಅಂದರು. ದೊರೆಸಾನಿಗೆ ಅರ್ಥವಾಯಿತು. ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. ಮಾವ ನನ್ನ ಕಡೆಯೇ ನೋಡುತ್ತಾ ಹೇಳಿದರು: ‘ನಿನ್ನ ಹಣೇಲಿ ಕುಂಕುಮ ನೋಡ್ಕೊಂಡು ಮನೇಲಿ ಹೆಂಗವ್ವ ಎಡೆ ಇಡ್ಲಿ? ಇನ್ನೊಂದು ಪಿತೃಪಕ್ಷ ಬರೋಗಂಟ ಅವ್ನು ಹಸ್ಕೊಂಡಿರ್ತಾನಲ್ಲ ಅನ್ನಿಸ್ತು. ಬಂಗ್ಲೇಲಾದ್ರೆ ನಿನ್ಗೆ ಗೊತ್ತಾಗಾಕಿಲ್ಲ ಅಂದ್ಕೊಂಡೆ.’

ಆ ಎಲೆಯನ್ನು ಕಾಲಿಂದ ಒದ್ದುಬಿಡಬೇಕು ಅನ್ನಿಸಿತು. ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನನಗೆ ಗಂಡ ಹೋದ ದುಃಖಕ್ಕಿಂತ ಮಾವನ ಮೇಲೆ ದ್ವೇಷವೇ ಹೆಚ್ಚಾಗಿತ್ತು. ಅವರು ಬಾಯಿ ಬಿಡದಿದ್ದರೆ ನಾನು ಇನ್ನೂ ಎಷ್ಟೋ ವರ್ಷ ಕಾಯುತ್ತಿದ್ದೆ, ಕಾಯುತ್ತಾ ಚೆನ್ನಾಗಿಯೇ ಇರುತ್ತಿದ್ದೆ. ಆದರೆ ಅವರು ಅಳುತ್ತಿರಲಿಲ್ಲ. ಸಾಂಬ್ರಾಣಿಯ ಕೆಂಡ ಆರಿದೆಯೇ ಎಂದು ಬಗ್ಗಿ ನೋಡುತ್ತಿದ್ದರು. ಅದನ್ನು ನೋಡಿ ನಾನು ಎಲೆಯಿಂದ ಹಿಂದಕ್ಕೆ ಸರಿದೆ.

ದೊರೆಸಾನಿ ಕುರ್ಚಿಯ ಬೆನ್ನು ಬಿಡದೆ ಕೇಳಿದರು: ‘ಈಗ ಏನು ಮಾಡಬೇಕು?’

‘ಮನೆಯೋರು ಉಣ್ಬೇಕು ಅಮ್ಮಾವ್ರೇ. ಹಂಗೇ ಬಿಡಬಾರ್ದು’ ಅಂದರು ಮಾವ.

ದೊರೆಸಾನಿ ತಮ್ಮ ಜಾಗಕ್ಕೆ ಹೋಗಲಿಲ್ಲ. ಮಗನ ಕುರ್ಚಿಯನ್ನು ಎಳೆದು ಕೂತರು. ಅವನ ಚಾಕು ಹಿಡಿದು, ಹೋಳನ್ನು ಸಣ್ಣದಾಗಿ ಕೊಯ್ದು ಬಾಯಿಗಿಟ್ಟುಕೊಂಡರು. ಗೇಟಿನ ಕಡೆ ನೋಡಲಿಲ್ಲ. ನಾನು ಎಲೆಯ ಮುಂದೆ ಕೂತೆ. ಹಂದಿಯ ಬಾಡನ್ನು ನಾನು ಅದುವರೆಗೆ ಬಾಯಿಗೆ ಮುಟ್ಟಿಸಿದವಳಲ್ಲ. ಮೂಳೆಯ ತುಂಡನ್ನು ಕೈಯಲ್ಲಿ ಹಿಡಿದು ಕಚ್ಚಿದೆ. ಸಿಹಿಯಾಗಿತ್ತು, ಲವಂಗದ ಖಾರವಿತ್ತು, ತುಂಬಾ ರುಚಿಯಾಗಿತ್ತು. ಅಂಥ ಹೊತ್ತಿನಲ್ಲಿ ಅದು ರುಚಿಯಾಗಿತ್ತಲ್ಲ ಎಂಬುದೇ ನನ್ನನ್ನು ಬಿಕ್ಕಿ ಬಿಕ್ಕಿ ಅಳಿಸಿತು. ಮಾವ ಹೊಸ್ತಿಲಿಂದಲೇ ಮೆಲ್ಲಗೆ ‘ಉಪ್ಪು ಹೆಚ್ಚಾಯ್ತೇನವ್ವ?’ ಎಂದು ಕೇಳಿದರು.

‘ಇಲ್ಲ ಮಾವ, ಸರಿಯಾಗೈತೆ’ ಎಂದೆ. ಎಲೆಯಲ್ಲಿದ್ದುದನ್ನೆಲ್ಲ ಉಂಡೆ. ನಮ್ಮ ಮನೆಯವರ ಪಾಲಿನದು ಒಂದು ಚೂರೂ ಬಿಡಲಿಲ್ಲ.